ಮೇಜಿನ ಮೇಲೆ ಎಸೆದ ಕಾಸು

ಮನಸ್ಸಿನ ತೊಂದರೆ ಇರುವವರ ಜೊತೆ ಕೂತು ಮಾತಾಡಿ ದಾರಿ ಹುಡುಕುವುದು ನನ್ನ ಕೆಲಸ. ಚರ್ಮದ ಡಾಕ್ಟರೊಬ್ಬರು ಹೆಂಗಸೊಬ್ಬರನ್ನು ನನ್ನ ಹತ್ತಿರ ಕಳಿಸಿದ್ದರು. ಚೀಟಿಯಲ್ಲಿ ಎರಡೇ ಸಾಲು. ಮುಲಾಮಿಗೆ ಕೈ ವಾಸಿಯಾಗುತ್ತಿಲ್ಲ, ದಿನಕ್ಕೆ ಮೂವತ್ತು ನಲವತ್ತು ಸಲ ತೊಳೆಯುತ್ತಾರೆ.

ಹೆಸರು ಬೇಡ. ಅಕ್ಕ ಎನ್ನುತ್ತೇನೆ, ಎದುರಿಗೂ ಹಾಗೇ ಕರೆದೆ. ಮಂಡ್ಯ ಕಡೆಯವರು, ಐವತ್ತರ ಆಸುಪಾಸು. ಮೈಸೂರಿನ ಒಂದು ಬಸ್ ಸ್ಟ್ಯಾಂಡಿನ ಹತ್ತಿರ, ದುಡ್ಡು ಕೊಟ್ಟು ಬಳಸುವ ಶೌಚಾಲಯದಲ್ಲಿ ಕೆಲಸ. ತೊಳೆಯುವುದೂ ಅವರೇ, ಬಾಗಿಲಲ್ಲಿ ಕೂತು ಕಾಸು ಇಸಿದುಕೊಳ್ಳುವುದೂ ಅವರೇ. ಬರೆಯಲು ಒಪ್ಪಿದ್ದಾರೆ. ಒಂದೆರಡು ವಿವರ ಬದಲಿಸಿದ್ದೇನೆ.

ಅಲ್ಲಿಗೆ ಒಬ್ಬ ಅಜ್ಜಿ ಬರುತ್ತಿದ್ದರು. ಮನೆಯಿಲ್ಲ, ಅಂಗಡಿ ಜಗಲಿಯಲ್ಲಿ ಮಲಗುವವರು. ಎರಡು ಮೂರು ದಿನಕ್ಕೊಮ್ಮೆ ಸ್ನಾನ. ಅಕ್ಕ ಕಾಸು ಕೇಳುತ್ತಿರಲಿಲ್ಲ. ಸಾಲಿನಲ್ಲಿ ನಿಂತವರಿಗೆ ಇದು ಸರಿಬರಲಿಲ್ಲ. ಕಂಟ್ರಾಕ್ಟರಿಗೆ ದೂರು ಹೋಯಿತು. ಹೀಗೇ ಆದರೆ ಬೇರೆಯವರನ್ನು ಇಡುತ್ತೇನೆ ಎಂದು ಅವರು ಹೇಳಿ ಹೋದರು. ಆದರೂ ಅಜ್ಜಿ ಬಂದು ನಿಂತರೆ ಅಕ್ಕನಿಗೆ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಕೈ ತೊಳೆಯುವುದು ಶುರುವಾಗಿದ್ದು ಆ ದಿನಗಳಲ್ಲಿ.

ಇಷ್ಟು ಕೇಳಿದ್ದೇ ತಡ, ನನಗೆ ಎಲ್ಲ ಗೊತ್ತಾಗಿಬಿಟ್ಟಿತು. ಗೀಳು ಕಾಯಿಲೆ, ಅಂದರೆ ಒಂದೇ ಭಯ ಬಿಡದೆ ಕಾಡಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ಅಜ್ಜಿಯ ಕೊಳೆ ತನಗೆ ಅಂಟುತ್ತದೆ ಎಂಬ ಭಯ. ಮನೋವೈದ್ಯರಿಗೆ ತೋರಿಸಿದೆವು, ಮಾತ್ರೆ ಕೊಟ್ಟರು. ನಾನು ಅಭ್ಯಾಸ ಕೊಟ್ಟೆ: ಅಜ್ಜಿ ಬಳಸಿದ ಬಕೆಟ್ ಮುಟ್ಟಿ, ಹತ್ತು ನಿಮಿಷ ಕೈ ತೊಳೆಯದೆ ಇರಿ. ಮುಂದಿನ ವಾರ ಇಪ್ಪತ್ತು ನಿಮಿಷ. ಗೀಳಿಗೆ ಇದು ಒಳ್ಳೆಯ ದಾರಿಯೇ. ಹೆದರಿಕೆಯಾಗುವುದನ್ನು ಮುಟ್ಟಿ, ತೊಳೆಯದೆ ಕಾದರೆ ಆತಂಕ ತಾನಾಗಿ ಇಳಿಯುತ್ತಾ ಬರುತ್ತದೆ. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಕಷ್ಟ ಆಯ್ತಾ ಎಂದರೆ ಇಲ್ಲ ಮೇಡಂ ಎನ್ನುತ್ತಿದ್ದರು. ನಾನು ಒಳಗೊಳಗೇ ಬೀಗಿದೆ. ಕೈ ಮಾತ್ರ ಹಾಗೇ ಬಿರಿದಿತ್ತು.

ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ನಾಲ್ಕನೇ ಭೇಟಿಯಲ್ಲಿ ಕೇಳಿದೆ. "ಅಕ್ಕ, ಯಾವುದನ್ನು ಮುಟ್ಟಿದ ಮೇಲೆ ತೊಳೀಬೇಕು ಅನ್ಸುತ್ತೆ?"

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಕಾಸು ಮುಟ್ಟಿದ ಮೇಲೆ."

"ಅಜ್ಜಿ ಮುಟ್ಟಿದ್ದು?"

"ಅದಕ್ ಯಾಕ್ ತೊಳೀಲಿ? ಅವ್ರು ಸ್ನಾನ ಮಾಡಿ, ಬಕೆಟ್ಟೂ ತೊಳ್ದು ಬೋರಲು ಹಾಕ್‌ಬುಟ್ಟು ಹೋಯ್ತಾರೆ. ಕಾಸು ಕೊಟ್ಟೋರು ಏನ್ ಮಾಡಿ ಹೋಗಿರ್ತಾರೆ, ನೀವು ಒಂದಿನ ಬಂದು ನೋಡ್ಬೇಕು."

ಆಮೇಲೆ ಹೇಳಿದರು. ಒಂದು ಬೆಳಿಗ್ಗೆ ಅಜ್ಜಿ ಸ್ನಾನದ ಕೋಣೆಯಿಂದ ಹೊರಗೆ ಬಂದಿದ್ದನ್ನು ಒಬ್ಬರು ನೋಡಿದರು. ದಿನಾ ಬಸ್ಸಿಗೆ ಬರುವವರು, ದಿನಾ ಕೈಗೇ ಕಾಸು ಕೊಡುತ್ತಿದ್ದವರು. ಅವತ್ತು ಅಕ್ಕ ಚಾಚಿದ ಕೈ ಬಿಟ್ಟು ಮೇಜಿನ ಮೇಲೆ ಎಸೆದರು. ಅವರನ್ನು ನೋಡಿ ಹಿಂದಿನವರೂ ಹಾಗೇ ಮಾಡಿದರು. "ಉರುಳ್ಕಂಡು ಕೆಳಕ್ಕೆ ಬೀಳ್ತದೆ ಮೇಡಂ. ಬಗ್ಗಿ ಎತ್ಕೋಬೇಕು. ಆಮೇಲೆ ಎಷ್ಟ್ ತೊಳ್ದ್ರೂ ಹೋಗಕಿಲ್ಲ."

ಏನು ಹೋಗುವುದಿಲ್ಲ ಎಂದು ನಾನು ಕೇಳಲಿಲ್ಲ. ಚಿಕ್ಕವಳಿದ್ದಾಗ ನಮ್ಮ ಅಜ್ಜಿ ಮನೆ ಹಿತ್ತಿಲಲ್ಲಿ ನೋಡಿದ್ದೇನೆ. ಕೆಲಸದವರ ಬೊಗಸೆಗೆ ಎತ್ತರದಿಂದ ನೀರು ಹುಯ್ಯುತ್ತಿದ್ದರು, ಚೊಂಬು ತಾಗಬಾರದು ಎಂದು. ಕಾಸು ಎಸೆಯುವ ಕೈ ಅದೇ ಕೈ.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ. ಅಜ್ಜಿಯನ್ನು ಗಲೀಜು ಎಂದಿದ್ದು ಅಕ್ಕ ಅಲ್ಲ. ನಾನು. ಮನೆಯಿಲ್ಲದವರು ಎಂದ ಕೂಡಲೇ ನನ್ನ ತಲೆ ಕೊಳೆ ಎಂದು ಬರೆದುಕೊಂಡಿತು. ಮೂರು ವಾರ ಅದಕ್ಕೇ ಔಷಧಿ ಮಾಡಿದೆ.

"ಅಜ್ಜಿಗೆ ಬರಬೇಡಿ ಅಂದ್‌ಬುಡ್ಲಾ?" ಎಂದು ಅಕ್ಕ ಕೇಳಿದರು. ಬೇಡ ಎಂದೆ. ಕರುಣೆಯಿಂದ ಹೇಳಿದ್ದಲ್ಲ. ಅಜ್ಜಿಯನ್ನು ಕಳಿಸಿದರೆ ಕಾಸು ಎಸೆದವರು ಮಾಡಿದ್ದೇ ಸರಿ ಎಂದು ಅಕ್ಕನೇ ಒಪ್ಪಿದ ಹಾಗಾಗುತ್ತದೆ. ಆ ಮೇಲೆ ಕೈ ತೊಳೆಯುವುದು ಜಾಸ್ತಿಯಾಗುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

"ನಾವು ಟ್ಯಾಕ್ಸ್ ಕಟ್ಟೋರು, ಅವರು ಬಿಟ್ಟಿ" ಎಂದು ಸಾಲಿನಲ್ಲಿ ಒಬ್ಬರು ಕೂಗಿದ್ದರಂತೆ. ಈ ಮಾತು ನನ್ನ ಕೋಣೆಗೂ ಬರುತ್ತಿರುತ್ತದೆ. ಒಮ್ಮೆ ಪಾರ್ಕಿನ ಬೆಂಚಿನ ಬಗ್ಗೆ, ಒಮ್ಮೆ ಲೈಬ್ರರಿಯಲ್ಲಿ ಪೇಪರ್ ಹಿಡಿದು ತೂಕಡಿಸುವವರ ಬಗ್ಗೆ. ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಮೇಲೆ ನೂರಕ್ಕೆ 3ರಂತೆ ಭಿಕ್ಷುಕರ ಕರ ಸೇರಿರುತ್ತದೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಲೆಕ್ಕದಲ್ಲಿ. ದಿಕ್ಕಿಲ್ಲದವರ ಹೆಸರಲ್ಲಿ ಕಟ್ಟಿದ ದುಡ್ಡು ಅದು. ಅದನ್ನೇ ತೋರಿಸಿ ಅವರನ್ನು ಓಡಿಸುವುದು ಯಾವ ನ್ಯಾಯ? ನಗರಗಳಲ್ಲಿ ಲಕ್ಷ ಜನಕ್ಕೊಂದು ರಾತ್ರಿ ಆಶ್ರಯ ಇರಬೇಕು, ಅಲ್ಲಿ ನೀರು, ಶೌಚ, ಸ್ನಾನಕ್ಕೆ ಜಾಗ ಇರಬೇಕು ಎನ್ನುವುದು ಸರ್ಕಾರವೇ ಮಾಡಿದ ನಿಯಮ. 2011ರ ಜನಗಣತಿಯಲ್ಲಿ ಮೈಸೂರಿನ ಜನ ಸುಮಾರು 9 ಲಕ್ಷ. ಎಷ್ಟು ಬೇಕು ಎಂದು ನೀವೇ ಲೆಕ್ಕ ಹಾಕಿ.

ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ. ಕೈಯಲ್ಲಿ ಅಷ್ಟೇ ಇದ್ದರೆ ಅಜ್ಜಿ ಊಟ ಮಾಡಬೇಕಾ, ಸ್ನಾನ ಮಾಡಬೇಕಾ? 2015ರ ಸ್ವಚ್ಛತಾ ಪಟ್ಟಿಯಲ್ಲಿ 476 ನಗರಗಳಿಗೆ ಮೈಸೂರೇ ಮೊದಲು. 2016ರಲ್ಲೂ ಮೊದಲು. ಆ ಹೆಮ್ಮೆ ನನಗೂ ಇದೆ. ಆದರೆ ವಾಸನೆ ಎಂದು ಬೈಯುವವರೇ ಸ್ನಾನಕ್ಕೆ ಬಂದವರನ್ನು ಬಾಗಿಲಲ್ಲೇ ತಡೆದರೆ ಏನು ಹೇಳೋಣ?

ಅಕ್ಕನಿಗೆ ಎರಡು ಮಾತು ಹೇಳಿದೆ. ಅಜ್ಜಿಯನ್ನು ಕದ್ದುಮುಚ್ಚಿ ಒಳಗೆ ಬಿಡುವುದು ಬೇಡ, ಕಂಟ್ರಾಕ್ಟರನ್ನೇ ಕೇಳಿ, ಬೆಳಿಗ್ಗೆ ಆರರ ಒಳಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಅಜ್ಜಿ ಕೈಯಲ್ಲಿ ಒಂದಿಷ್ಟು ಶೌಚಾಲಯ ತೊಳೆಸಿಕೊಂಡರೆ ಲೆಕ್ಕ ಸರಿಹೋಗಲ್ವಾ ಎಂದು ಅವರ ಮಗಳು ಕೇಳಿದಳು. ಬೇಡ ಎಂದೆ. ಆ ವಯಸ್ಸಿನವರು ಮೈ ತೊಳೆದುಕೊಳ್ಳಲು ಕೂಲಿ ಮಾಡಬೇಕಾಗಿಲ್ಲ. ಎರಡನೆಯದು ಕಾಸಿನ ಬಗ್ಗೆ. ಕೈ ಚಾಚಿ ಸುಮ್ನೆ ಕೂತಿರಿ. ಎಸೆದರೆ ಎತ್ತಬೇಡಿ. ಬೈಯಲೂ ಬೇಡಿ.

ನನ್ನ ಜೊತೆ ಕೆಲಸ ಮಾಡುವವರೊಬ್ಬರಿಗೆ ಇದು ಹಿಡಿಸಲಿಲ್ಲ. ಬಂದವರ ಮನಸ್ಸು ಸರಿಮಾಡುವುದಷ್ಟೇ ನಮ್ಮ ಕೆಲಸ, ಬಡವರ ಕೆಲಸಕ್ಕೆ ಕುತ್ತು ತರುವುದಲ್ಲ ಎಂದರು. ಭಯ ನನಗೂ ಇತ್ತು. ಅದಕ್ಕೇ ಕಂಟ್ರಾಕ್ಟರ್ ಜೊತೆ ಆಡುವ ಮಾತನ್ನು ಎರಡು ಸಲ ಕೂತು ಅಕ್ಕನ ಬಾಯಲ್ಲಿ ಆಡಿಸಿ ನೋಡಿದೆ. ಆದರೆ ನಲವತ್ತು ಜನ ಮುಖಕ್ಕೆ ಹೊಡೆದ ಹಾಗೆ ಎಸೆದಿದ್ದನ್ನು ಒಬ್ಬರ ಮನಸ್ಸಿನ ಕಾಯಿಲೆ ಎಂದು ಮಾತ್ರೆ ಕೊಟ್ಟು ಕಳಿಸಲು ನನ್ನಿಂದಾಗದು.

ಕಂಟ್ರಾಕ್ಟರ್ ಗೊಣಗಿಕೊಂಡೇ ಒಪ್ಪಿದರು. ಅಜ್ಜಿ ಐದೂವರೆಗೆ ಬರುತ್ತಾರೆ. ಮೊದಲು ಎಸೆದವರು ಈಗಲೂ ಎಸೆಯುತ್ತಾರೆ. ಆ ಕಾಸು ಸಂಜೆವರೆಗೆ ಮೇಜಿನ ಮೇಲೋ ಕೆಳಗೋ ಬಿದ್ದಿರುತ್ತದೆ. ಲೆಕ್ಕ ಕೊಡುವ ಹೊತ್ತಿಗೆ ಅಕ್ಕ ಎಲ್ಲವನ್ನೂ ಆರಿಸಿಕೊಳ್ಳುತ್ತಾರೆ. ಆಮೇಲೆ ಕೈ ತೊಳೆಯುತ್ತಾರೆ, ಒಂದೇ ಸಲ.