ವಿಜ್ಞಾನದಲ್ಲಿ ಅಂಕ ಇಳಿದರೆ ಫ್ರೆಂಚ್ ಬಿಡಿಸಬೇಕಾ?

ವಿಜ್ಞಾನದಲ್ಲಿ ಅಂಕ ಇಳಿದ ಒಬ್ಬ ಹುಡುಗಿಯ ವಿಷಯ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗಿ, ಅವಳ ಅಪ್ಪ, ಅಮ್ಮ ಮೂವರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದುಕೊಂಡು ಬೇರೆ ಮನೆಯವರೂ ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಬರೆಯಬೇಕು ಅನ್ನಿಸಿತು.

ಹುಡುಗಿ ಒಂಬತ್ತನೇ ಕ್ಲಾಸು. ದಾವಣಗೆರೆಯಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಕ್ಯಾಥೊಲಿಕ್ ಹೈಸ್ಕೂಲು, ಇಂಗ್ಲಿಷ್ ಮೀಡಿಯಂ, ಸ್ಟೇಟ್ ಸಿಲಬಸ್. ಏಳನೇ ಕ್ಲಾಸಿನವರೆಗೆ ಓದಿದ್ದು ಜಗಳೂರು ಕಡೆಯ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮೀಡಿಯಂ. ಅಪ್ಪನದು ಮೆಕ್ಕೆಜೋಳದ ವ್ಯಾಪಾರ. ಎಪಿಎಂಸಿ ಹತ್ತಿರ ಆಗಲಿ, ಮಗಳ ಓದೂ ಆಗಲಿ ಅಂತ ದಾವಣಗೆರೆಗೆ ಬಂದು ಮನೆ ಮಾಡಿದ್ದಾರೆ. ಶಾಲೆ ಬಿಟ್ಟ ಮೇಲೆ ವಾರಕ್ಕೆ ಎರಡು ಸಂಜೆ ಅಲ್ಲಿ ಫ್ರೆಂಚ್ ಹೇಳಿಕೊಡುತ್ತಾರೆ. ಇಷ್ಟ ಇದ್ದವರು ಸೇರಬಹುದು. ಇವಳು ಎಂಟರಲ್ಲೇ ಸೇರಿದಳು.

ಒಂಬತ್ತನೇ ಕ್ಲಾಸಿನ ಎಸ್‌ಎ-1ರಲ್ಲಿ, ಅಂದರೆ ಅರ್ಧ ವರ್ಷದ ಪರೀಕ್ಷೆಯಲ್ಲಿ, ವಿಜ್ಞಾನ 100ಕ್ಕೆ 41. ಹಿಂದಿನ ವರ್ಷ 70ರ ಮೇಲೆ ಇತ್ತು. ಸಮಾಜವೂ ಇಳಿದಿತ್ತು, ಗಣಿತ ಮೊದಲಿಂದಲೂ ಅಷ್ಟಕ್ಕಷ್ಟೇ. ಫ್ರೆಂಚ್ ಕ್ಲಾಸಿನ ಟೆಸ್ಟಿನಲ್ಲಿ ಮಾತ್ರ ಅವಳೇ ಮೊದಲು. ಅಪ್ಪ ಅಮ್ಮ ನನ್ನ ಹತ್ತಿರ ಸಲಹೆ ಕೇಳೋಕೆ ಬಂದಿರಲಿಲ್ಲ. ಫ್ರೆಂಚ್ ಬಿಡಿಸುವುದು ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು, ಹುಡುಗಿ ಊಟ ಬಿಟ್ಟು ಕೂತಿದ್ದಳು, ನೀವೊಂದು ಮಾತು ಹೇಳಿ ಒಪ್ಪಿಸಿ ಅನ್ನೋಕೆ ಬಂದಿದ್ದರು.

ಫ್ರೆಂಚ್‌ಗೆ ಹಾಕಿದ್ದು ಯಾಕೆ ಅಂತ ಮೊದಲು ಕೇಳಿದೆ. ಅಮ್ಮನ ಅಣ್ಣ ಅಮೆರಿಕದಲ್ಲಿದ್ದಾರೆ. ಅವರ ಮಗ ಅಲ್ಲಿನ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಓದುತ್ತಾನೆ, ಎಲ್ಲ ವಿಷಯದಲ್ಲೂ ಮುಂದೆ. ಪರದೇಶದ ಭಾಷೆ ಕಲಿತ ಮಕ್ಕಳು ಉಳಿದದ್ದರಲ್ಲೂ ಚೆನ್ನಾಗಿ ಮಾಡುತ್ತಾರೆ ಅಂತ ಮಾವ ಫೋನಿನಲ್ಲಿ ಹೇಳಿದ್ದು ಮನಸ್ಸಲ್ಲಿ ಕೂತುಬಿಟ್ಟಿದೆ. ಅಂಕ ಏರಲಿ ಅಂತ ಹಾಕಿದ್ದರು, ಅಂಕ ಇಳಿಯಿತು ಅಂತ ತೆಗೆಯೋಕೆ ಹೊರಟಿದ್ದರು. ಎರಡೂ ಸಲ ಫ್ರೆಂಚಿಗೆ ಅದರದ್ದಲ್ಲದ ಕೆಲಸ ವಹಿಸಿದ್ದಾರೆ ಅಂತ ನನಗನ್ನಿಸಿತು.

ಮಾವ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಭಾಷೆಯನ್ನು ಮೂರ್ನಾಲ್ಕು ವರ್ಷ ಬಿಡದೆ ಓದಿದ ಮಕ್ಕಳ ಅಂಕ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಮೂರ್ನಾಲ್ಕು ವರ್ಷ ಬಿಡದೆ ಓದುವವರು ಯಾರು? ಮೊದಲೇ ಓದಿನಲ್ಲಿ ಗಟ್ಟಿ ಇದ್ದವರು, ಕಾಲೇಜಿಗೆ ಹೋಗಲೇಬೇಕು ಅಂತ ನಿರ್ಧರಿಸಿದವರು, ಮನೆಯಲ್ಲಿ ಒತ್ತಾಸೆ ಇದ್ದವರು. ಅಲ್ಲಿನ ಬಹಳಷ್ಟು ಕಾಲೇಜುಗಳು ಸೇರುವವರಿಂದ ಹೈಸ್ಕೂಲಿನಲ್ಲಿ ಕನಿಷ್ಠ ಎರಡು ವರ್ಷ ಒಂದೇ ಭಾಷೆ ಓದಿರಬೇಕು ಅಂತ ಬಯಸುತ್ತವೆ. ಹಾಗಾಗಿ ಭಾಷೆಯಿಂದ ಅಂಕ ಬಂತೋ, ಅಂಕ ಬರುವ ಮಕ್ಕಳೇ ಭಾಷೆ ತೆಗೆದುಕೊಂಡರೋ, ಬಿಡಿಸಿ ಹೇಳೋದು ಕಷ್ಟ. ಇನ್ನೊಂದು ವ್ಯತ್ಯಾಸ ಇದೆ, ಇದು ನಮ್ಮವರಿಗೆ ಹೊಳೆಯುವುದೇ ಇಲ್ಲ. ಆ ಹುಡುಗನಿಗೆ ಸ್ಪ್ಯಾನಿಷ್ ಅನ್ನೋದು ಟೈಮ್‌ಟೇಬಲ್‌ನಲ್ಲಿರುವ ಪೀರಿಯಡ್, ಅದರ ಗ್ರೇಡು ಅವನ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ನಮ್ಮ ಹುಡುಗಿ ಇಂಗ್ಲಿಷ್, ಕನ್ನಡ, ಹಿಂದಿ ಮೂರು ಭಾಷೆ ಓದಿ, ಅದರ ಮೇಲೆ ನಾಲ್ಕನೆಯದನ್ನು ಸುಸ್ತಾದ ಹೊತ್ತಿನಲ್ಲಿ ಕಲಿಯುತ್ತಾಳೆ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕದಲ್ಲಿ ಆ ಫ್ರೆಂಚಿಗೆ ಒಂದು ಅಂಕವೂ ಇಲ್ಲ. ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡೋದೇ ತಪ್ಪು.

ಆಮೇಲೆ ಹುಡುಗಿಯ ಜೊತೆ ಒಬ್ಬಳೇ ಇರುವಾಗ ಮಾತಾಡಿದೆ.

ಫ್ರೆಂಚ್ ನೋಟ್‌ಬುಕ್ ತೋರಿಸು ಅಂದೆ. ಪ್ರತಿ ಪುಟದಲ್ಲೂ ಮೂರು ಕಾಲಂ ಎಳೆದಿದ್ದಳು. ಒಂದರಲ್ಲಿ ಫ್ರೆಂಚ್ ಪದ, ಒಂದರಲ್ಲಿ ಅದರ ಉಚ್ಚಾರ ಕನ್ನಡ ಅಕ್ಷರದಲ್ಲಿ, ಕೊನೆಯದರಲ್ಲಿ ಕನ್ನಡ ಅರ್ಥ. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಗಟ್ಟಿಯಾಗಿ ಓದಿಕೊಳ್ಳುತ್ತಾಳಂತೆ. ಹಿರಿಯರಿಗೆ ಬೇರೆ, ಗೆಳತಿಗೆ ಬೇರೆ ಮಾತು ಅಲ್ಲೂ ಇದೆ, ನಮ್ಮ ಹಾಗೇ, ಕ್ರಿಯಾಪದವೂ ಆಳಿಗೆ ತಕ್ಕ ಹಾಗೆ ಬದಲಾಗುತ್ತೆ, ಇಂಗ್ಲಿಷಿಗಿಂತ ಇದೇ ನಂಗೆ ಸುಲಭ ಅಂದಳು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ತಾನೇ ಕಂಡುಕೊಂಡಿದ್ದು. ಇಷ್ಟು ಚುರುಕಾಗಿ ನೋಡುವ ಮಗುವಿಗೆ ವಿಜ್ಞಾನದಲ್ಲಿ 41 ಯಾಕೆ?

ಬಲ ಮತ್ತು ಚಲನೆಯ ನಿಯಮಗಳ ಪಾಠ ತೆಗೆಸಿದೆ. ಇಂಗ್ಲಿಷ್ ಪುಸ್ತಕದ ಒಂದು ಪ್ಯಾರಾ ಓದಿದಳು, ಉಚ್ಚಾರ ಚೆನ್ನಾಗಿಯೇ ಇತ್ತು. ಏನು ಓದಿದೆ ಹೇಳು ಅಂದರೆ ಅದೇ ಸಾಲನ್ನು ಬಾಯಿಪಾಠದಿಂದ ಒಪ್ಪಿಸಿದಳು. ಅದೇ ಪಾಠ ಕನ್ನಡ ಮೀಡಿಯಂ ಪುಸ್ತಕದಲ್ಲೂ ಇದೆಯಲ್ಲ, ಅದನ್ನು ಫೋನಿನಲ್ಲಿ ತೆಗೆದು ಕೊಟ್ಟೆ. ಒಂದು ಸಲ ಓದಿ ತಲೆ ಎತ್ತಿದಳು. ಹರಿಹರದ ಬಸ್ಸಲ್ಲಿ ನಿಂತಿರುವಾಗ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ಯಾಕೆ ಬೀಳ್ತೀವಿ ಅಂತ ತಾನೇ ಉದಾಹರಣೆ ಕೊಟ್ಟು ವಿವರಿಸಿದಳು, ಸರಿಯಾಗಿ ವಿವರಿಸಿದಳು.

ವಿಜ್ಞಾನ ಅವಳಿಗೆ ಬರುತ್ತದೆ. ಇಂಗ್ಲಿಷಿನಲ್ಲಿರುವ ವಿಜ್ಞಾನ ಬರುವುದಿಲ್ಲ. ಎಂಟರಲ್ಲಿ ಬಾಯಿಪಾಠ ಮಾಡಿ ದಾಟಿದಳು, ಒಂಬತ್ತರಲ್ಲಿ ಪಾಠ ಆಳವಾಯಿತು, ಬಾಯಿಪಾಠ ಸಾಲಲಿಲ್ಲ. ಇಷ್ಟು ದಿನ ಯಾರಿಗೂ ಇದು ಕಾಣಲಿಲ್ಲ, ಯಾಕಂದ್ರೆ ಅವಳು ಸುಮ್ನೆ ಕೂರುವ ಹುಡುಗಿ. ಉಳಿದ ಮಕ್ಕಳು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮೊದಲ ವರ್ಷ ಇವಳು ಎದ್ದು ನಿಂತು ಪ್ರಶ್ನೆ ಕೇಳಿದಾಗ ಯಾರೋ ನಕ್ಕಿದ್ದರು, ಆಮೇಲೆ ಕೇಳೋದೇ ಬಿಟ್ಟಳು. ಫ್ರೆಂಚ್ ಕ್ಲಾಸಲ್ಲಿ ಹಾಗಲ್ಲ. ಅಲ್ಲಿ ಎಲ್ಲರೂ ಸೊನ್ನೆಯಿಂದ ಶುರು. ಡಾಕ್ಟರ ಮಗಳಿಗೂ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಸಿಸ್ಟರ್ ನಿಧಾನವಾಗಿ ಹೇಳುತ್ತಾರೆ, ತಪ್ಪಿದರೆ ಮತ್ತೆ ಹೇಳಿಸುತ್ತಾರೆ. ಇಡೀ ಶಾಲೆಯಲ್ಲಿ ಇವಳು ಹಿಂದೆ ಬೀಳದೆ ಇರುವುದು ಅಲ್ಲಿ ಮಾತ್ರ, ಅಪ್ಪ ಅಮ್ಮ ಕಿತ್ತುಹಾಕೋಕೆ ಹೊರಟಿದ್ದೂ ಅದನ್ನೇ.

ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ಕೆನಡಾದ ಜಿಮ್ ಕಮಿನ್ಸ್ 1979ರಲ್ಲೇ ಈ ಬಗ್ಗೆ ಬರೆದಿದ್ದಾರೆ. ಆಟದ ಬಯಲಿನಲ್ಲಿ ಮಾತಾಡುವಷ್ಟು ಭಾಷೆ ಬೇಗ ಬರುತ್ತದೆ, ಪಾಠ ಅರ್ಥ ಮಾಡಿಕೊಳ್ಳುವಷ್ಟು ಭಾಷೆ ಬರೋಕೆ ಹಲವು ವರ್ಷ ಬೇಕು, ಮತ್ತು ಮನೆಮಾತಿನಲ್ಲಿ ಗಟ್ಟಿಯಾಗಿ ಓದಿ ಬರೆದು ಕಲಿತದ್ದು ಹೊಸ ಭಾಷೆಗೂ ದಾಟಿ ಬರುತ್ತದೆ. ಈ ಹುಡುಗಿಯ ವಿಷಯದಲ್ಲಿ ಅವರ ಮಾತು ಅಕ್ಷರಶಃ ನಿಜ. ಕನ್ನಡ ಗಟ್ಟಿ ಇದ್ದಿದ್ದಕ್ಕೇ ಫ್ರೆಂಚ್ ಹಿಡಿತಕ್ಕೆ ಸಿಕ್ಕಿತು. ಅದೇ ಕನ್ನಡವನ್ನು ವಿಜ್ಞಾನಕ್ಕೆ ಬಳಸೋಕೆ ಯಾರೂ ಬಿಟ್ಟಿರಲಿಲ್ಲ.

ಅವರಿಗೆ ನಾನು ಹೇಳಿದ್ದು ಇಷ್ಟು.

ಫ್ರೆಂಚ್ ಬಿಡಿಸಬೇಡಿ, ವರ್ಷದ ಕೊನೆಯ ಪರೀಕ್ಷೆ ಎಸ್‌ಎ-2 ಮುಗಿಯುವವರೆಗಂತೂ ಬೇಡ. ಆದರೆ ಫ್ರೆಂಚ್ ಭಾಷೆಯ ಸರ್ಟಿಫಿಕೇಟ್ ಕೊಡುವ ಡೆಲ್ಫ್ ಪರೀಕ್ಷೆ ಕಟ್ಟಿಸಬೇಕು ಅಂತ ಅಪ್ಪ ಶನಿವಾರ ಭಾನುವಾರ ಆನ್‌ಲೈನ್ ಕೋಚಿಂಗ್ ಹಾಕಿದ್ದರು, ಅದನ್ನು ನಿಲ್ಲಿಸಿ. ಒಮ್ಮೆ ಪಾಸಾದರೆ ಆ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಅಂತ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲಿನ ರಜೆಯಲ್ಲಿ ತಯಾರಾದರೂ ನಡೆಯುತ್ತದೆ. ಚಿಕ್ಕವರಿದ್ದಾಗ ಕಲಿಯದಿದ್ದರೆ ಆಮೇಲೆ ನಾಲಿಗೆ ಹೊರಳಲ್ಲ ಅಂದರು ಅಪ್ಪ. ಉಚ್ಚಾರದ ಮಟ್ಟಿಗೆ ಆ ಮಾತಲ್ಲಿ ಸತ್ಯ ಇದೆ, ಭಾಷೆಯ ಮಟ್ಟಿಗೆ ಇಲ್ಲ. 1853ರಲ್ಲಿ ಕಿಟೆಲ್ ಜರ್ಮನಿಯಿಂದ ಬಂದಾಗ ಅವರಿಗೆ 21 ವರ್ಷ, ಕನ್ನಡ ಕಲಿತು 1894ರಲ್ಲಿ ನಮಗೇ ನಿಘಂಟು ಕೊಟ್ಟರು.

ವಿಜ್ಞಾನ, ಸಮಾಜ ಎರಡಕ್ಕೂ ಕನ್ನಡ ಮೀಡಿಯಂ ಪಠ್ಯಪುಸ್ತಕ ತನ್ನಿ. ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಪಾಠ ಒಂದೇ, ಚಿತ್ರ ಒಂದೇ, ಲೆಕ್ಕವೂ ಒಂದೇ. ನಾಳೆ ಕ್ಲಾಸಿನಲ್ಲಿ ನಡೆಯುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಓದಿಕೊಂಡು ಹೋಗಲಿ. ಹುಡುಗಿಗೆ ಹೇಳಿದೆ: ಫ್ರೆಂಚಿಗೆ ಎಳೆದ ಮೂರು ಕಾಲಂ ವಿಜ್ಞಾನದ ನೋಟ್‌ಬುಕ್ಕಿನಲ್ಲೂ ಎಳಿ, ಇಂಗ್ಲಿಷ್ ಪದ, ಕನ್ನಡ ಪದ, ಮೂರನೆಯದರಲ್ಲಿ ನಿನ್ನದೇ ಉದಾಹರಣೆ. ಪ್ರಶ್ನೆಗೆ ಉತ್ತರ ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳು, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬರಿ. ಉದ್ದ ವಾಕ್ಯ ಬೇಡ, ಅಂಕ ಕೊಡುವುದು ವಿಷಯಕ್ಕೆ. ಅವಳ ಮುಖ ನೋಡಬೇಕಿತ್ತು. ಕಲಿಯುವ ದಾರಿ ತನಗೆ ಮೊದಲೇ ಗೊತ್ತಿತ್ತು ಅನ್ನೋದು ಅವಳಿಗೆ ದೊಡ್ಡ ಸಮಾಧಾನ.

ಅಪ್ಪ ಅಮ್ಮನ ಅನುಮತಿ ಪಡೆದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹತ್ತಿರವೂ ಮಾತಾಡಿದೆ. ಶಾಲೆಯಲ್ಲಿ ಕನ್ನಡ ಆಡಬಾರದು ಅನ್ನುವ ವಾಡಿಕೆ ಇತ್ತು, ಕನ್ನಡ ಪುಸ್ತಕ ಬ್ಯಾಗಿನಲ್ಲಿ ಕಂಡರೆ ಬೈಸಿಕೊಳ್ಳಬೇಕಾಗುತ್ತೆ ಅಂತ ಹುಡುಗಿ ಹೆದರಿದ್ದಳು. ಸಿಸ್ಟರ್ ಪೂರ್ತಿ ಕೇಳಿಸಿಕೊಂಡರು. ಪುಸ್ತಕ ತರಲಿ ಅಂದರು, ವಿಜ್ಞಾನದ ಟೀಚರಿಗೂ ಹೇಳಿದರು. ಕನ್ನಡ ಮೀಡಿಯಂನಿಂದ ಎಂಟಕ್ಕೆ ಬಂದ ಇನ್ನೂ ಕೆಲವು ಮಕ್ಕಳು ಇದ್ದಾರೆ, ಅವರಿಗೂ ಇದೇ ಹೇಳ್ತೀನಿ ಅಂದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಹಾಗಂತ ಎಲ್ಲ ಮನೆಗೂ ಫ್ರೆಂಚ್ ಇರಲಿ ಅಂತ ಹೇಳಲ್ಲ. ಮಗುವಿಗೇ ಇಷ್ಟ ಇಲ್ಲದೆ ಅಪ್ಪ ಅಮ್ಮನ ಆಸೆಗೆ ಹೋಗುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಆಟದ ಹೊತ್ತು ಪೂರ್ತಿ ಹೋಗುತ್ತಿದ್ದರೆ, ಧೈರ್ಯವಾಗಿ ಬಿಡಿಸಿ, ಏನೂ ನಷ್ಟ ಇಲ್ಲ. ಪಿಯುಸಿಯಲ್ಲಿ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಇದೆ, ಅಂಕ ಸುಲಭ ಅಂತ ಅದನ್ನು ತೆಗೆದುಕೊಳ್ಳುವವರೂ ಇದ್ದಾರೆ. ಆ ಯೋಚನೆ ಇದ್ದರೆ ನೀವು ಸೇರಿಸುವ ಕಾಲೇಜಿನಲ್ಲಿ ಫ್ರೆಂಚ್ ಇದೆಯಾ, ಹೇಳಿಕೊಡೋಕೆ ಜನ ಇದ್ದಾರಾ ಅಂತ ಮೊದಲು ವಿಚಾರಿಸಿ. ಕನ್ನಡದಲ್ಲಿ ಇಷ್ಟು ಗಟ್ಟಿ ಇರುವ ಹುಡುಗಿಗೆ ಪಿಯುಸಿಯಲ್ಲಿ ಕನ್ನಡ ಬಿಡಿಸುವುದು ನನಗಂತೂ ಒಪ್ಪಿಗೆ ಇಲ್ಲ, ಅದನ್ನು ಅಪ್ಪನಿಗೆ ನೇರವಾಗಿಯೇ ಹೇಳಿದ್ದೇನೆ.

ಎಸ್‌ಎ-2ರಲ್ಲಿ ವಿಜ್ಞಾನ 63 ಬಂತು, ಸಮಾಜವೂ ಮೇಲೆ ಬಂತು. ಕ್ಲಾಸಿನಲ್ಲಿ ಕೈ ಎತ್ತುತ್ತಾಳೆ ಅಂತ ಟೀಚರ್ ಹೇಳಿದರು. ಗಣಿತ ಮಾತ್ರ ಕದಲಿಲ್ಲ. ಅದು ಭಾಷೆಯ ತೊಂದರೆ ಅಲ್ಲ, ಭಿನ್ನರಾಶಿಯಿಂದಲೇ ತಳಪಾಯ ಸಡಿಲ ಇದೆ. ಬೇಸಿಗೆ ರಜೆಯಲ್ಲಿ ಆರು, ಏಳನೇ ಕ್ಲಾಸಿನ ಗಣಿತ ಪುಸ್ತಕದಿಂದ ಮತ್ತೆ ಶುರು ಮಾಡೋಣ ಅಂತ ಅವಳೂ ಅಪ್ಪನೂ ಒಪ್ಪಿದ್ದಾರೆ.