ಪ್ರತಿಕ್ರಿಯೆ: ಗೋವೆ ಕದಂಬರ ಕಟ್ಟಡಗಳಿಗೆ ಮಾದರಿ

ನಮಸ್ಕಾರ. 'ಏಜ್ ಆಫ್ ಎಂಪೈರ್ಸ್ 2' ಎಂಬ ಕಂಪ್ಯೂಟರ್ ಯುದ್ಧತಂತ್ರದ ಆಟದಲ್ಲಿ ದ್ರಾವಿಡರು, ಹಿಂದುಸ್ತಾನಿಗಳು ಎಂಬ ಬಣಗಳ ಕಟ್ಟಡಗಳು ಒಂದೇ ತೆರನಾಗಿರುವುದೇಕೆ, ಮಧ್ಯಯುಗದಲ್ಲಿ ಗೋವೆಯನ್ನು ಆಳಿದ ಕದಂಬ ಅರಸುಮನೆತನಕ್ಕಾಗಿ ನೀವು ರಚಿಸುತ್ತಿರುವ ಮಾಡ್‌ಗೆ (ಆಟಕ್ಕೆ ಆಟಗಾರರೇ ಮಾಡಿಕೊಳ್ಳುವ ಮಾರ್ಪಾಡಿಗೆ) ಯಾವುದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ.

2022ರ 'ಡೈನಾಸ್ಟೀಸ್ ಆಫ್ ಇಂಡಿಯಾ' ವಿಸ್ತರಣೆಯು ಆಟದಲ್ಲಿ ಒಂದೇ ಬಣವಾಗಿದ್ದ ಭಾರತೀಯರನ್ನು ಹಿಂದುಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಎಂದು ವಿಂಗಡಿಸಿತಾದರೂ ಸಾಮಾನ್ಯ ಕಟ್ಟಡಗಳಿಗೆ ಒಂದೇ ಚಿತ್ರಗುಚ್ಛವನ್ನು ಉಳಿಸಿಕೊಂಡಿತು. ಪ್ರತಿ ಕಟ್ಟಡವನ್ನೂ ಯುಗಕ್ಕೆ ತಕ್ಕಂತೆ ಮತ್ತೆ ಮತ್ತೆ ರೂಪಿಸಬೇಕಾದ ಶ್ರಮವನ್ನು ನೆನೆದರೆ ಇದು ಅರ್ಥವಾಗುತ್ತದೆ. ಆದರೂ ಕನ್ನಡಿಗನಾಗಿ ನನಗೆ ಇದು ದೊಡ್ಡ ಕೊರತೆಯೆಂದೇ ತೋರುತ್ತದೆ.

ನೀವು ಪಣಜಿಯಲ್ಲೇ ಇರುವುದರಿಂದ ಮೊದಲು ಗೋವೆಯದೇ ಆದ ತಾಂಬ್ಡಿ ಸುರ್ಲಾದ ಮಹಾದೇವ ದೇಗುಲಕ್ಕೆ ಹೋಗಿ ಬನ್ನಿ. ಕದಂಬರ ಕಾಲದ ಆ ಗುಡಿಯನ್ನು, ಸುತ್ತಲೂ ಜಂಬಿಟ್ಟಿಗೆ ಹೇರಳವಾಗಿರುವ ಈ ನಾಡಿನಲ್ಲಿ, ಕಪ್ಪು ಬಸಾಲ್ಟ್ ಶಿಲೆಯಿಂದ ಕಟ್ಟಿದ್ದಾರೆ. ಅದರ ತಗ್ಗಾದ ಮಂಟಪ, ಇಳಿಜಾರಾದ ಕಲ್ಲಿನ ಮಾಡು, ಹಿಂದಿನ ಶಿಖರ ಇವು ಮೇಲಿನಿಂದ ಓರೆಯಾಗಿ ನೋಡುವ ಆಟದ ಪರದೆಯಲ್ಲಿ ತಟ್ಟನೆ ಗುರುತು ಸಿಗುವಂಥವು. ದೇವಾಲಯಕ್ಕೆ ಕಪ್ಪು ಶಿಲೆಯನ್ನು ಮೀಸಲಿಟ್ಟು, ಕೋಟೆಗೋಡೆಗಳಿಗೆ ಜಂಬಿಟ್ಟಿಗೆಯ ಕೆಂಪನ್ನು ಬಳಸಿದರೆ ಚೆನ್ನ ಎಂಬುದು ನನ್ನ ಅಭಿಪ್ರಾಯ.

ಮನೆಗಳಿಗೆ ಮಂಗಳೂರು ಹೆಂಚನ್ನು ದಯವಿಟ್ಟು ಹೊದಿಸಬೇಡಿ. ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭವಾದದ್ದು 1865ರಲ್ಲಿ, ಅಂದರೆ ಕದಂಬರ ಕಾಲಕ್ಕಿಂತ ಬಹಳ ಈಚೆಗೆ. ಹುಲ್ಲಿನ ಮಾಡು ಸಾಕು. ಕದಂಬರ ಕಟ್ಟಡಗಳಲ್ಲಿ ಗುಮ್ಮಟಗಳನ್ನು ಕೈಬಿಡುವುದು ಸರಿಯೇ. ಆದರೆ ಮುಂದೆ ವಿಜಯನಗರವನ್ನೂ ಸೇರಿಸುವುದಾದರೆ, ಹಂಪಿಯ ಗಜಶಾಲೆಯ ಮೇಲೆ ಗುಮ್ಮಟಗಳ ಸಾಲೇ ಇದೆಯೆಂಬುದನ್ನು ಗಮನದಲ್ಲಿಡಿ.