ಸೋರುವ ಹಂಚಿನ ಮನೆಗೆ ಈ ಮಳೆಗಾಲ ಟಾರ್ಪಾಲು ಸಾಕಾ?

ಹಳೇ ಹಂಚಿನ ಮನೆ ಸೋರುತ್ತಿದೆ, ಹಂಚು ಕೈಯಾಡಿಸುವವರು ಸಿಗುತ್ತಿಲ್ಲ, ಟಾರ್ಪಾಲು ಹೊದೆಸಿದರೆ ಈ ಮಳೆಗಾಲ ಕಳೆಯುತ್ತದಾ ಅಂತ ಕೇಳಿದ್ದೀರಿ. ಕಳೆಯುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಂಗಗಳು ಹಂಚು ಒಡೆದಾಗೆಲ್ಲ ಇದೇ ಗತಿ. ಮಳೆಯನ್ನೇನೋ ಟಾರ್ಪಾಲು ತಡೆಯುತ್ತದೆ, ಹೆದರಬೇಕಾದ್ದು ಗಾಳಿಗೆ.

ಮೊದಲ ವರ್ಷ ನಾನು ಅಗ್ಗದ ನೀಲಿ ಶೀಟು ತಂದು ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಸುಮ್ಮನಾದೆ. ಆರಿದ್ರಾ ಮಳೆ ಹಿಡಿಯಿತು. ರಾತ್ರಿಯಿಡೀ ಮಾಡಿನ ಮೇಲೆ ಪಟಪಟ. ಬೆಳಗ್ಗೆ ನೋಡಿದರೆ ಶೀಟಿನ ಅಂಚಿನ ಉಂಗುರಗಳು ಹಗ್ಗದಲ್ಲೇ ಇವೆ, ಶೀಟು ಅಡಿಕೆ ಮರದ ತಲೆಯಲ್ಲಿದೆ!

ಕೊಳ್ಳುವಾಗ ಬಣ್ಣ ನೋಡಬೇಡಿ, ಜಿಎಸ್‌ಎಂ ಕೇಳಿ. ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. 250 ಜಿಎಸ್‌ಎಂನ 8×6 ಮೀಟರ್ ಶೀಟು 12 ಕೆಜಿ ತೂಗಬೇಕು. ಅನುಮಾನ ಬಂದರೆ ತಕ್ಕಡಿಗೆ ಹಾಕಿಸಿ, ಸಂಕೋಚ ಬೇಡ.

ಕಟ್ಟುವಾಗ ಉಂಗುರವನ್ನು ನಂಬಬೇಡಿ. ಅಂಚಿನಿಂದ ಒಂದು ಗೇಣು ಒಳಗೆ, ನಿಂಬೆಹಣ್ಣಿನಷ್ಟು ನುಣುಪಾದ ಕಲ್ಲನ್ನು ಶೀಟಿನ ಅಡಿಯಿಂದ ಒತ್ತಿ ಹಿಡಿದು, ಮೇಲೆದ್ದ ಆ ಉಬ್ಬಿನ ಬುಡಕ್ಕೆ ನೈಲಾನ್ ಹಗ್ಗ ಬಿಗಿಯಿರಿ. ಉಂಗುರದಷ್ಟು ಸುಲಭವಾಗಿ ಹರಿಯುವುದಿಲ್ಲ. ಶೀಟು ಮನೆಯ ನೆತ್ತಿ ದಾಟಿ ಆಚೆ ಕಡೆಗೂ ಎರಡು ಮೂರು ಅಡಿ ಇಳಿಯಲಿ, ಇಲ್ಲದಿದ್ದರೆ ನೀರು ಮೇಲಿಂದಲೇ ಒಳಗೆ ನುಗ್ಗುತ್ತದೆ. ಆಮೇಲೆ ಗೊಬ್ಬರದ ಚೀಲಗಳಿಗೆ ಅರ್ಧರ್ಧ ಮರಳು ತುಂಬಿ, ಎರಡೆರಡನ್ನು ಹಗ್ಗದಲ್ಲಿ ಜೋಡಿಸಿ, ಎತ್ತಿನ ಬೆನ್ನಿಗೆ ಹೇರು ಹಾಕಿದ ಹಾಗೆ ನೆತ್ತಿಯ ಎರಡೂ ಕಡೆ ಇಳಿಬಿಡಿ. ಬರೀ ಕಲ್ಲು ಹೇರಿದರೆ ಜಾರಿ ಯಾರದಾದರೂ ತಲೆ ಮೇಲೆ ಬೀಳುತ್ತದೆ.

ಸೋರುವುದು ಸ್ವಲ್ಪವೇ ಜಾಗ ಆದರೆ ಇನ್ನೂ ಒಳ್ಳೆ ಉಪಾಯವಿದೆ. ಅಲ್ಲಿಂದ ಸೂರಿನವರೆಗೆ ಹಂಚು ತೆಗೆದು, ರೀಪಿನ ಮೇಲೆ ಶೀಟು ಹಾಸಿ, ಮತ್ತೆ ಹಂಚು ಕೂರಿಸಿ. ಹಂಚಿನ ಭಾರಕ್ಕೆ ಗಾಳಿ ಏನೂ ಮಾಡಲ್ಲ. ಸೌದೆ ಒಲೆಯ ಅಡುಗೆಮನೆಗೆ ಮಾತ್ರ ಇದು ಬೇಡ. ಹೊಗೆ ಹೋಗಲು ಸಂದಿಯೇ ಉಳಿಯುವುದಿಲ್ಲ.

ಹಾಂ, ಪಾಚಿ ಕಟ್ಟಿದ ಹಂಚಿನ ಮೇಲೆ ಮಳೆಯಲ್ಲಿ ಹತ್ತಬೇಡಿ. ಮಳೆ ಬಿಟ್ಟು ಹೊಳವಾಗುವವರೆಗೆ ಅಟ್ಟದಲ್ಲಿ ಬಕೆಟ್ ಇಟ್ಟುಕೊಂಡು ಕಾಯಿರಿ.

ಮಳೆ ಮುಗಿದ ಕೂಡಲೇ ಶೀಟು ಇಳಿಸಿ ಮಡಚಿಡಿ, ಬಿಸಿಲಿಗೆ ಬಿಟ್ಟರೆ ಪುಡಿಯಾಗುತ್ತದೆ. ನಮ್ಮದು ಮೂರು ಮಳೆಗಾಲ ಮಾಡಿನ ಮೇಲಿತ್ತು. ಈಗ ಕೊಟ್ಟಿಗೆಯ ಸೌದೆ ಮೇಲೆ ಮಲಗಿದೆ.